ಬಾಟಲಿ ಹಾಲಿನ ಕೂಸಿಗೆ ಮೊದಲ ಊಟ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆ ಬಿಳಿ ಜೋಳಕ್ಕೆ ಹೆಸರಾದುದು. ಇಂದು ಬೇರೆ ತಾಲ್ಲೂಕುಗಳಾಗಿರುವ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳೂ ಹಿಂದೆ ಈ ನಾಲ್ಕರಲ್ಲೇ ಸೇರಿದ್ದವು. ಜೋಳದ ಜೊತೆಗೆ ಸಜ್ಜೆ, ತೊಗರಿ, ಕಡಲೆ, ಹೆಸರು, ಶೇಂಗಾ ಇಲ್ಲಿಯ ಹೊಲಗಳಲ್ಲಿ ಬೆಳೆಯುತ್ತವೆ. ಎಳೆಯ ಮಗುವಿನ ಊಟಕ್ಕೆ ಬೇಕಾದ ಧಾನ್ಯ, ಬೇಳೆ, ಎಣ್ಣೆಕಾಳು ಮೂರೂ ಮನೆಯಲ್ಲಿರುವ ಸೀಮೆಯಿದು. ಹೀಗಿದ್ದೂ ತೊಗರಿ ಚೀಲವನ್ನು ಪೇಟೆಗೆ ಹಾಕಿ, ಬಂದ ಹಣದಲ್ಲಿ ಡಬ್ಬಿಯ ಹಾಲುಪುಡಿ ಕೊಂಡು ತರುವ ಮನೆಗಳು ಕಡಿಮೆಯೇನಿಲ್ಲ. ಇದು ಲಾಭದ ವ್ಯವಹಾರವಲ್ಲ.

ತಾಯಿಯ ಹಾಲಿಗೆ ಸಮನಾದುದು ಬೇರೆ ಇಲ್ಲ. ಮೊದಲ ಆರು ತಿಂಗಳು ಅದೊಂದೇ ಸಾಕು, ಆಮೇಲೆ ಊಟದೊಂದಿಗೆ ಎರಡು ವರ್ಷದವರೆಗೆ ಅಥವಾ ಇನ್ನೂ ಮುಂದಕ್ಕೂ ಮುಂದುವರಿಸಬೇಕು. ಆದರೆ ತಾಯಿ ತೀರಿಕೊಂಡ ಅಥವಾ ಕಾಯಿಲೆ ಬಿದ್ದ ಮನೆಗಳುಂಟು. ಹಿಂಗಾರಿ ಬಿತ್ತನೆ, ಜೋಳ ಕೀಳುವ ಸುಗ್ಗಿ, ಕಬ್ಬು ಕಡಿಯಲು ಗುಳೆ ಹೋಗುವುದು ಇವುಗಳಿಂದ ಮೊಲೆ ಬಿಡಿಸಿ ಕೂಸನ್ನು ಅಜ್ಜಿಯ ಕೈಗೆ ಒಪ್ಪಿಸಿದ ಮನೆಗಳೂ ಉಂಟು. ಅಂಥ ಕೂಸು ಬಾಟಲಿಯಲ್ಲಿ ಮೇಲುಹಾಲು ಕುಡಿಯುತ್ತದೆ. ಈ ಲೇಖನ ಅಂಥ ಕೂಸಿನ ಬಗೆಗೆ. ತಾಯಿ ಮನೆಯಲ್ಲಿಯೇ ಇದ್ದು ಹಾಲು ಕಡಿಮೆಯಾಯಿತೆಂದು ಬಾಟಲಿ ಹಿಡಿದಿದ್ದರೆ ಮೊದಲು ಆಶಾ ಕಾರ್ಯಕರ್ತೆಯನ್ನೋ ದಾದಿಯನ್ನೋ ಕಾಣುವುದು ಲೇಸು. ಪದೇ ಪದೇ ಚೀಪಿಸುವುದರಿಂದ ನಿಂತ ಹಾಲು ಮತ್ತೆ ಇಳಿಯುವುದುಂಟು.

ಹಾಲೊಂದೇ ಏಕೆ ಸಾಲದು?

ಹುಟ್ಟುವಾಗ ಮಗು ತನ್ನ ಮೈಯಲ್ಲಿ ಕಬ್ಬಿಣಾಂಶದ ಒಂದು ದಾಸ್ತಾನು ತಂದಿರುತ್ತದೆ. ಸುಮಾರು ಆರು ತಿಂಗಳಿಗೆ ಅದು ತೀರುತ್ತ ಬರುತ್ತದೆ. ಎಮ್ಮೆಯ ಹಾಲಾಗಲಿ ಆಕಳ ಹಾಲಾಗಲಿ ಕಬ್ಬಿಣಾಂಶದಲ್ಲಿ ತೀರ ಬಡವು. ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚಿರುವುದರಿಂದ 100 ಮಿ.ಲೀ.ಗೆ ಹತ್ತಿರ ಹತ್ತಿರ 100 ಕ್ಯಾಲೊರಿ ಶಕ್ತಿ ಸಿಗುತ್ತದೆ. ಆರರಿಂದ ಎಂಟು ತಿಂಗಳ ಮಗುವಿಗೆ ದಿನಕ್ಕೆ ಬೇಕಾದುದು ಸುಮಾರು 600 ಕ್ಯಾಲೊರಿ. ಎಂದರೆ ಅರ್ಧ ಲೀಟರಿಗೂ ಮೀರಿ ಎಮ್ಮೆ ಹಾಲು ಕುಡಿದ ಕೂಸಿಗೆ ಹೊಟ್ಟೆಯಲ್ಲಿ ಊಟಕ್ಕೆ ಜಾಗವೇ ಉಳಿಯುವುದಿಲ್ಲ. ಕೂಸು ಗುಂಡಗೆ ಕಾಣುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಒಳಗೆ ರಕ್ತ ಕಡಿಮೆಯಾಗುತ್ತ ಹೋಗುತ್ತದೆ. ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಳ್ಳುವುದು, ಆಟದಲ್ಲಿ ಆಸಕ್ತಿಯಿಲ್ಲದಿರುವುದು, ಮಣ್ಣು ತಿನ್ನುವುದು ಇವೆಲ್ಲ ಅದರ ಗುರುತುಗಳು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತು.

ಇದಕ್ಕೆ ವಿರುದ್ಧವಾದ ತಪ್ಪು ಹಾಲಿಗೆ ನೀರು ಬೆರೆಸುವುದು. ‘ಎಮ್ಮೆ ಹಾಲು ಜಡ, ಅರಗುವುದಿಲ್ಲ’ ಎಂದು ಅರ್ಧಕ್ಕರ್ಧ ನೀರು ಸೇರಿಸುವ ರೂಢಿ ಹಳೆಯದು. ಡಬ್ಬಿಯ ಪುಡಿಯನ್ನು ಹೆಚ್ಚು ದಿನ ಬರಲೆಂದು ಕಡಿಮೆ ಹಾಕುವುದು ಹೊಸ ರೂಢಿ. ಎರಡರಲ್ಲಿಯೂ ಕೂಸು ಹೊಟ್ಟೆ ತುಂಬ ಕುಡಿದೂ ಸೊರಗುತ್ತದೆ. ಆರು ತಿಂಗಳು ತುಂಬಿದ ಮಗುವಿಗೆ ಹಾಲನ್ನು ಚೆನ್ನಾಗಿ ಕಾಯಿಸಿ, ಆರಿದ ಮೇಲೆ ಕೆನೆ ತೆಗೆದು, ನೀರು ಬೆರೆಸದೆ ಕೊಡಬೇಕು. ಪುಡಿಯಾದರೆ ಡಬ್ಬಿಯ ಮೇಲೆ ಬರೆದ ಅಳತೆಯನ್ನು ಎಳ್ಳಷ್ಟೂ ತಪ್ಪಿಸಬಾರದು. ಆರು ತಿಂಗಳೊಳಗಿನ ಬಾಟಲಿ ಕೂಸಿನ ಹಾಲಿನ ವಿಷಯವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ತಾಯಿಯ ಹಾಲಿಲ್ಲದ ಮಕ್ಕಳಿಗೆಂದೇ ಬೇರೆ ಸೂಚನೆಗಳನ್ನು ಪ್ರಕಟಿಸಿತು. ಅದರಂತೆ ಆರು ತಿಂಗಳ ಮೇಲ್ಪಟ್ಟ ಇಂಥ ಮಗುವಿಗೆ ತತ್ತಿ, ಮೀನು, ಮಾಂಸ ಕೊಡುವ ಮನೆಯಲ್ಲಿ ದಿನಕ್ಕೆ 200ರಿಂದ 400 ಮಿ.ಲೀ., ಅವನ್ನು ಮುಟ್ಟದ ಮನೆಯಲ್ಲಿ 300ರಿಂದ 500 ಮಿ.ಲೀ. ಹಾಲು ಸಾಕು. ಉಳಿದುದೆಲ್ಲ ಊಟದಿಂದಲೇ ಬರಬೇಕು.

ಯಾವಾಗ, ಎಷ್ಟು?

‘ಹಲ್ಲು ಬಂದ ಮ್ಯಾಲೆ ಉಣಿಸಿದರಾತು’ ಎಂದು ಹಿರಿಯರು ಹೇಳುವುದುಂಟು. ಕೆಲವು ಕೂಸುಗಳಿಗೆ ಹಲ್ಲು ಬರುವುದು ಹತ್ತನೆಯ ತಿಂಗಳಿಗೆ, ಕೆಲವಕ್ಕೆ ವರ್ಷಕ್ಕೆ. ಅಲ್ಲಿಯ ತನಕ ಕಾಯುವುದೆಂದರೆ ಬೆಳವಣಿಗೆಯ ಅತ್ಯುತ್ತಮ ಕಾಲವನ್ನೇ ಕಳೆದುಕೊಂಡಂತೆ. ಮೆತ್ತನೆಯ ಊಟವನ್ನು ನುರಿಯಲು ವಸಡೇ ಸಾಕು. ಆರು ತಿಂಗಳು ತುಂಬಿದ ಕೂಡಲೇ, ಎಂದರೆ 180 ದಿನಕ್ಕೆ, ಪ್ರಾರಂಭಿಸಬೇಕು. ಅಷ್ಟರಲ್ಲಿ ಮಗು ಕುತ್ತಿಗೆ ನಿಲ್ಲಿಸಿ ಆಸರೆ ಕೊಟ್ಟರೆ ಕೂಡುತ್ತದೆ, ಉಣ್ಣುವವರ ತಾಟಿನ ಕಡೆಗೆ ಕೈ ಚಾಚುತ್ತದೆ. ಬಾಟಲಿ ಹಾಲಿನ ಕೂಸೆಂದು ಮೂರು ನಾಲ್ಕು ತಿಂಗಳಿಗೇ ಗಂಜಿ ಹಾಕುವುದೂ ಸರಿಯಲ್ಲ.

ಮೊದಲ ದಿನ ಎರಡು ಮೂರು ಚಮಚ ಸಾಕು. ಒಂದು ಹೊಸ ಪದಾರ್ಥ ಕೊಟ್ಟ ಮೇಲೆ ಎರಡು ಮೂರು ದಿನ ನೋಡಿ ಮತ್ತೊಂದನ್ನು ಸೇರಿಸಬಹುದು. ಕೂಸು ಮೊದಲು ನಾಲಿಗೆಯಿಂದ ಹೊರಗೆ ತಳ್ಳುತ್ತದೆ. ಅದು ಬೇಡವೆಂಬುದರ ಗುರುತಲ್ಲ, ಅಭ್ಯಾಸವಿಲ್ಲವಷ್ಟೆ. ಬಾಟಲಿ ಚೀಪಿದ ನಾಲಿಗೆಗೆ ಚಮಚದ ಊಟ ನುಂಗುವುದು ಹೊಸ ವಿದ್ಯೆ. ಇಂದು ಉಗುಳಿದ್ದನ್ನು ನಾಡಿದ್ದು ತಿಂದೀತು, ಕೆಲವೊಮ್ಮೆ ಎಂಟು ಹತ್ತು ಸಲ ಕೊಟ್ಟ ಮೇಲೆ ರುಚಿ ಹತ್ತೀತು. ಮೂಗು ಹಿಡಿದು ಬಾಯಿಗೆ ಸುರಿಯುವುದು ಅಪಾಯಕರ.

ಕ್ರಮೇಣ ಎಂಟು ತಿಂಗಳ ಹೊತ್ತಿಗೆ ಒಂದು ಸಲಕ್ಕೆ ಅರ್ಧ ವಾಟಿ (250 ಮಿ.ಲೀ. ವಾಟಿಯ ಲೆಕ್ಕದಲ್ಲಿ), ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ವಾಟಿಯವರೆಗೆ ಹೆಚ್ಚಿಸಬೇಕು. ತಾಯಿಯ ಹಾಲು ಕುಡಿಯುವ ಮಗುವಿಗೆ ಆರಂಭದಲ್ಲಿ ದಿನಕ್ಕೆ ಎರಡು ಮೂರು ಊಟ ಸಾಕಾಗುತ್ತದೆ. ಬಾಟಲಿ ಹಾಲಿನ ಮಗುವಿಗೆ ನಾಲ್ಕರಿಂದ ಐದು ಊಟ, ನಡುವೆ ಒಂದೆರಡು ಸಲ ಹಣ್ಣು ಮುಂತಾದ ತಿಂಡಿ ಬೇಕು. ಇದನ್ನು ಬಹಳ ಜನ ತಿಳಿದಿಲ್ಲ.

ಗಂಜಿ ನೀರಾಗಬಾರದು

ಕೂಸಿನ ಹೊಟ್ಟೆ ಅದರ ಮುಷ್ಟಿಗಿಂತ ಅಷ್ಟೇನೂ ದೊಡ್ಡದಲ್ಲ. ಬೇಳೆಯ ಕಟ್ಟು, ಅಕ್ಕಿ ತಿಳಿ, ತೆಳ್ಳನೆಯ ಅಂಬಲಿ ಇವುಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ಅದರಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬಾಟಲಿಯ ರಂಧ್ರವನ್ನು ಸೂಜಿಯಿಂದ ದೊಡ್ಡದು ಮಾಡಿ ಅದರಲ್ಲೇ ಗಂಜಿ ಕುಡಿಸುವವರಿದ್ದಾರೆ. ಹೀಗೆ ಮಾಡಿದರೆ ಗಂಜಿ ತೆಳ್ಳಗೇ ಇರಬೇಕಾಗುತ್ತದೆ, ಕೂಸಿಗೆ ಅಗಿಯುವ ಅಭ್ಯಾಸ ಬರುವುದಿಲ್ಲ, ಬಾಟಲಿಯೊಳಗೆ ಅಂಟಿದ ಹಿಟ್ಟು ಹುಳಿತು ಭೇದಿಗೆ ದಾರಿಯಾಗುತ್ತದೆ. ಚಮಚದಲ್ಲಿ ತೆಗೆದುಕೊಂಡು ಓರೆ ಮಾಡಿದರೆ ಥಟ್ಟನೆ ಸುರಿಯದೆ ನಿಲ್ಲುವಷ್ಟು ಗಟ್ಟಿಯಿರುವುದು ಸರಿಯಾದ ಹದ.

ಮನೆಯಲ್ಲಿ ಮಾಡುವ ಹಿಟ್ಟಿನ ಒಂದು ಪ್ರಮಾಣ ಹೀಗಿದೆ: ಬಿಳಿ ಜೋಳ ಅಥವಾ ಗೋದಿ 300 ಗ್ರಾಂ, ಹೆಸರುಬೇಳೆ 100 ಗ್ರಾಂ, ಶೇಂಗಾ 50 ಗ್ರಾಂ. ಇವನ್ನು ಬೇರೆ ಬೇರೆಯಾಗಿ ಸ್ವಚ್ಛಮಾಡಿ, ಸಣ್ಣ ಉರಿಯಲ್ಲಿ ಘಮ ಬರುವಂತೆ ಹುರಿದು, ಶೇಂಗಾದ ಸಿಪ್ಪೆ ಉಜ್ಜಿ ತೆಗೆದು, ಬೀಸಿ ಜರಡಿ ಹಿಡಿಯಬೇಕು. ಗಿರಣಿಗೆ ಒಯ್ದರೆ ಖಾರದಪುಡಿ ಬೀಸಿದ ಬೆನ್ನಿಗೆ ಹಾಕಿಸಬಾರದು, ಬೇರೆಯವರ ಜೋಳ ಬೀಸಿದ ಮೇಲೆ ಹಾಕಿಸಬೇಕು. ಶೇಂಗಾ ಜಿಡ್ಡಾಗಿರುವುದರಿಂದ ಅದನ್ನು ಮನೆಯಲ್ಲೇ ಕುಟ್ಟಿ ಬೆರೆಸುವುದು ಅನುಕೂಲ. ತೇವವಿಲ್ಲದ ಡಬ್ಬಿಯಲ್ಲಿ ಹದಿನೈದು ದಿನಕ್ಕಾಗುವಷ್ಟು ಮಾತ್ರ ಮಾಡಿಡಬೇಕು.

ಮೂರು ಚಮಚ, ಎಂದರೆ ಸುಮಾರು 30 ಗ್ರಾಂ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕೈಯಾಡಿಸುತ್ತ ಚೆನ್ನಾಗಿ ಬೇಯಿಸಿ, ಕಡೆಯಲ್ಲಿ ಸ್ವಲ್ಪ ಹಾಲು, ಒಂದು ಚಮಚ ತುಪ್ಪ ಅಥವಾ ಎಣ್ಣೆ ಹಾಕಬೇಕು. ಆ ಒಂದು ಚಮಚದಿಂದಲೇ 45 ಕ್ಯಾಲೊರಿ ಸೇರುತ್ತದೆ, ಗಂಜಿಯೂ ನುಣುಪಾಗುತ್ತದೆ. ವರ್ಷದೊಳಗೆ ಉಪ್ಪು, ಸಕ್ಕರೆ ಬೇಡ. ಸಿಹಿ ಬೇಕೆನಿಸಿದರೆ ಕಿವುಚಿದ ಬಾಳೆಹಣ್ಣು ಬೆರೆಸಬಹುದು. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನೆಕ್ಕಿಸಲೂಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತದೆ.

ಕಬ್ಬಿಣಾಂಶದ ದೃಷ್ಟಿಯಿಂದ ಸಜ್ಜೆ ಜೋಳಕ್ಕಿಂತ ಮೇಲು. 100 ಗ್ರಾಂ ಸಜ್ಜೆಯಲ್ಲಿ ಸುಮಾರು 6.4 ಮಿ.ಗ್ರಾಂ, ರಾಗಿಯಲ್ಲಿ 4.6, ಜೋಳದಲ್ಲಿ 4 ಮಿ.ಗ್ರಾಂ ಕಬ್ಬಿಣವಿರುತ್ತದೆ. ಇಕ್ರಿಸ್ಯಾಟ್ ಮತ್ತು ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠ ಸೇರಿ ಅಭಿವೃದ್ಧಿಪಡಿಸಿದ ‘ಧನಶಕ್ತಿ’ ಸಜ್ಜೆ ತಳಿ 2012ರಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆಯಾಯಿತು. ಕಬ್ಬಿಣಾಂಶ ಹೆಚ್ಚಿರಲೆಂದೇ ಆಯ್ದ ತಳಿ ಅದು. ಮನೆಯ ಬಳಕೆಗೆ ನಾಲ್ಕು ಸಾಲು ಇಂಥ ಸಜ್ಜೆ ಬಿತ್ತಿಕೊಳ್ಳುವುದು ಕೂಸಿರುವ ಮನೆಗೆ ಒಳ್ಳೆಯದು. ಆದರೆ ಸಜ್ಜೆ ಹಿಟ್ಟು ಬೇಗ ಕಹಿಯಾಗುವುದರಿಂದ ವಾರಕ್ಕಾಗುವಷ್ಟೇ ಬೀಸಿಸಬೇಕು.

ಮೊಳಕೆ ಹಿಟ್ಟು, ಜೋಳದ ಎಚ್ಚರಿಕೆ

ಮೊಳಕೆ ಬರಿಸಿದ ಕಾಳಿನ ಹಿಟ್ಟಿಗೆ ಒಂದು ವಿಶೇಷ ಗುಣವಿದೆ. ಕಾಳು ಮೊಳೆಯುವಾಗ ಅದರಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಗಟ್ಟಿಯಾಗಿ ಬೇಯಿಸಿದ ಗಂಜಿಯನ್ನು ಒಲೆಯಿಂದಿಳಿಸಿ, ಉರಿಬಿಸಿ ಸ್ವಲ್ಪ ತಗ್ಗಿದ ಮೇಲೆ ಒಂದು ಚಿಕ್ಕ ಚಮಚ ಮೊಳಕೆ ಹಿಟ್ಟು ಹಾಕಿ ಕಲಕಿದರೆ ಐದು ಹತ್ತು ನಿಮಿಷದಲ್ಲಿ ಗಂಜಿ ಸಡಿಲವಾಗುತ್ತದೆ. ನೀರು ಸೇರಿಸದೆಯೇ ನುಂಗಲು ಹಗುರಾದ, ಶಕ್ತಿ ಕಡಿಮೆಯಾಗದ ಗಂಜಿ ಸಿದ್ಧವಾಗುತ್ತದೆ. ಬಳಿಕ ಮತ್ತೊಮ್ಮೆ ಒಂದು ಕುದಿ ಬರಿಸಿ ಆರಿಸಿ ಉಣಿಸಬೇಕು. ಇದಕ್ಕೆ ಗೋದಿ, ರಾಗಿ ಅಥವಾ ಸಜ್ಜೆಯನ್ನು ಒಂದು ರಾತ್ರಿ ನೆನೆಸಿ, ಅರಿವೆಯಲ್ಲಿ ಒಂದೂವರೆ ದಿನ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ತೆಳ್ಳನೆಯ ಬಟ್ಟೆ ಮುಚ್ಚಿ ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹಂಚಿನ ಮೇಲೆ ಬೆಚ್ಚಗಾಗುವಷ್ಟೇ ಹುರಿದು ಬೀಸಿಕೊಳ್ಳಬೇಕು. ಕೆಂಪಗೆ ಹುರಿದರೆ ಕಿಣ್ವ ಸಾಯುತ್ತದೆ.

ಜೋಳವನ್ನು ಮಾತ್ರ ಮೊಳಕೆ ಬರಿಸಬಾರದು. ಎಳೆಯ ಜೋಳದ ಬೆಳೆಗೆ ನುಗ್ಗಿ ಮೇಯ್ದ ದನ ಸತ್ತುದನ್ನು ಈ ಸೀಮೆಯ ರೈತರೆಲ್ಲ ಕೇಳಿ ಬಲ್ಲರು. ಆ ಎಳೆ ಸಸಿಯಲ್ಲಿರುವ ಧುರಿನ್ ಎಂಬ ವಸ್ತುವಿನಿಂದ ಸಯನೈಡ್ ವಿಷ ಬಿಡುಗಡೆಯಾಗುತ್ತದೆ. ಅದೇ ವಸ್ತು ಜೋಳದ ಮೊಳಕೆಯಲ್ಲಿಯೂ ಹುಟ್ಟುತ್ತದೆ. ಒಣಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ಜೋಳದ ರೊಟ್ಟಿ, ನುಚ್ಚು, ಹುರಿದ ಹಿಟ್ಟು ಇವುಗಳಿಗೆ ಯಾವ ಹೆದರಿಕೆಯೂ ಇಲ್ಲ. ಮೊಳಕೆ ಮತ್ತು ಬೇರನ್ನು ಪೂರ್ತಿ ತೆಗೆದು ಕಾಯಿಸಿದರೆ ವಿಷ ಬಹುಮಟ್ಟಿಗೆ ಹೋಗುವುದೆಂದು ತಿಳಿದಿದೆ. ಆದರೂ ಮನೆಯಲ್ಲಿ, ಅದರಲ್ಲಿಯೂ ಹಾಲುಗೂಸಿಗಾಗಿ, ಈ ಪ್ರಯೋಗ ಬೇಡ. ‘ಮೊಳಕೆ ಕಾಳು ಒಳ್ಳೆಯದು’ ಎಂದು ಸಭೆಗಳಲ್ಲಿ ಹೇಳುವ ವಿಸ್ತರಣಾ ಕಾರ್ಯಕರ್ತರು ಜೋಳದ ಸೀಮೆಯಲ್ಲಿ ಈ ಮಾತನ್ನು ಬಿಡದೆ ಸೇರಿಸಿ ಹೇಳಬೇಕು.

ಶೇಂಗಾದಲ್ಲಿಯೂ ಒಂದು ಎಚ್ಚರಿಕೆ ಬೇಕು. ಮಳೆಗೆ ಸಿಕ್ಕ, ಬೂಷ್ಟು ಹಿಡಿದ, ಸುಕ್ಕಾದ, ಬಣ್ಣಗೆಟ್ಟ ಬೀಜದಲ್ಲಿ ಅಫ್ಲಟಾಕ್ಸಿನ್ ವಿಷವಿರುವ ಸಂಭವ ಹೆಚ್ಚು. ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ಪೇಟೆಗೆ ಒಳ್ಳೆಯ ಕಾಯಿ, ಮನೆಗೆ ಜಳ್ಳು ಎಂಬ ಪದ್ಧತಿ ಕೂಸಿನ ಹಿಟ್ಟಿಗೆ ಸಲ್ಲದು.

ಗಂಜಿಯಿಂದ ಮನೆಯ ಊಟಕ್ಕೆ

ಹಿಟ್ಟಿನ ಗಂಜಿಯಲ್ಲೇ ನಿಲ್ಲಬಾರದು. ಅನ್ನ ಹೆಸರುಬೇಳೆಯ ಮೆತ್ತನೆಯ ಕಿಚಡಿ, ಗೋದಿ ನುಚ್ಚು, ಬೆಂದ ಗಜ್ಜರಿ, ಕುಂಬಳ, ಕಿವುಚಿದ ಪಪ್ಪಾಯಿ, ಚಿಕ್ಕು ಎಲ್ಲವೂ ಸರಿ. ಮೆಂತ್ಯ, ರಾಜಗಿರಿ, ನುಗ್ಗೆ ಸೊಪ್ಪನ್ನು ಬೇಳೆಯೊಡನೆ ಬೇಯಿಸಿ ಅರೆದು ಹಾಕಬಹುದು. ಅದರ ಮೇಲೆ ಇಂಡಿಯ ಲಿಂಬೆಯ ನಾಲ್ಕು ಹನಿ ಹಿಂಡಿದರೆ ಕಾಳು ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ತತ್ತಿ ತಿನ್ನುವ ಮನೆಯಲ್ಲಿ ಚೆನ್ನಾಗಿ ಬೆಂದ ತತ್ತಿಯನ್ನು ಆರು ತಿಂಗಳಿನಿಂದಲೇ ಕಿವುಚಿ ಕೊಡಬಹುದು. ಒಂಬತ್ತು ತಿಂಗಳಿಗೆ ಬಿಸಿ ಜೋಳದ ರೊಟ್ಟಿಯ ಒಳಪದರವನ್ನು ಬೇಳೆಯಲ್ಲೋ ಹಾಲಿನಲ್ಲೋ ನೆನೆಸಿ ಕೊಟ್ಟರೆ ಮಗು ತಾನೇ ಎತ್ತಿ ತಿನ್ನುತ್ತದೆ. ವರ್ಷಕ್ಕೆ ಮನೆಯವರ ಊಟವೇ ಅದರ ಊಟ, ಖಾರ ಮಾತ್ರ ಇಲ್ಲ.

ಚಹಾದಲ್ಲಿ ಅದ್ದಿದ ಬಿಸ್ಕೀಟು ಊಟವಲ್ಲ. ಚಹಾ ಕಬ್ಬಿಣಾಂಶ ಮೈಗೆ ಸೇರುವುದನ್ನು ತಡೆಯುತ್ತದೆ. ದ್ರಾಕ್ಷಿ ಬೆಳೆಯುವ ಊರುಗಳಲ್ಲಿ ಕೂಸಿನ ಕೈಗೆ ಇಡೀ ದ್ರಾಕ್ಷಿ ಕೊಡುವುದನ್ನು ಕಾಣುತ್ತೇವೆ. ಇಡೀ ದ್ರಾಕ್ಷಿ, ಶೇಂಗಾ, ಪುಟಾಣಿ ಗಂಟಲಿಗೆ ಸಿಕ್ಕಿ ಜೀವಕ್ಕೇ ಮುಳುವಾಗಬಹುದು.

ಬಾಟಲಿಯನ್ನು ಬಿಡಿಸುವ ಬಗೆ

ಊಟ ಆರಂಭಿಸಿದ ದಿನವೇ ಬಾಟಲಿ ಬಿಡಿಸುವ ಕೆಲಸವೂ ಆರಂಭವಾಗಬೇಕು. ಹಾಲನ್ನು ಊಟಕ್ಕೆ ಮೊದಲು ಕೊಡದೆ ಊಟದ ನಂತರ, ಒಳಲೆಯಲ್ಲೋ ಚಿಕ್ಕ ಬಟ್ಟಲಿನಲ್ಲೋ ಕೊಡಬೇಕು. ಮೊದಲು ಮಧ್ಯಾಹ್ನದ ಬಾಟಲಿ, ನಾಲ್ಕಾರು ದಿನ ಕಳೆದು ಬೆಳಗಿನದು, ಎಲ್ಲಕ್ಕೂ ಕಡೆಗೆ ರಾತ್ರಿಯದು ಎಂಬ ಕ್ರಮದಲ್ಲಿ ನಿಲ್ಲಿಸಿದರೆ ಕೂಸು ಹೆಚ್ಚು ಹಟ ಮಾಡುವುದಿಲ್ಲ. ಬಾಯಲ್ಲಿ ಬಾಟಲಿ ಇಟ್ಟೇ ಮಲಗಿಸುವುದು ಹೊಸ ಹಲ್ಲುಗಳನ್ನು ಹುಳುಕಾಗಿಸುತ್ತದೆ. ಬಟ್ಟಲನ್ನು ತೊಳೆದರೆ ಒಳಗೆಲ್ಲ ಕಣ್ಣಿಗೆ ಕಾಣುತ್ತದೆ. ಬಾಟಲಿಯ ಕತ್ತು, ರಬ್ಬರು ತೊಟ್ಟು ಹಾಗಲ್ಲ. ಹೊಲದ ಬದುವಿನ ಮೇಲೆ ಜೋಳಿಗೆಯಲ್ಲಿ ಮಲಗಿದ ಕೂಸಿನ ಬಾಟಲಿಗೆ ನೊಣ ಮುತ್ತುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. 1992ರ ಕಾಯಿದೆಯಂತೆ ಶಿಶುಗಳ ಹಾಲುಪುಡಿ ಮತ್ತು ಬಾಟಲಿಗಳ ಜಾಹೀರಾತು ಮಾಡುವುದೇ ನಮ್ಮ ದೇಶದಲ್ಲಿ ನಿಷಿದ್ಧ.

ಬೇಸಿಗೆಯಲ್ಲಿ ನೀರಿನ ಮಾತು ಬೇರೆ. ತಾಯಿಯ ಹಾಲಿಲ್ಲದ ಮಗುವಿಗೆ ಬಿಸಿಲು ನಾಡಿನಲ್ಲಿ ಹಾಲು ಮತ್ತು ಊಟದೊಳಗಿನ ನೀರಲ್ಲದೆ ದಿನಕ್ಕೆ 800ರಿಂದ 1200 ಮಿ.ಲೀ. ವರೆಗೂ ಬೇಕಾದೀತು. ಕುದಿಸಿ ಆರಿಸಿದ ನೀರನ್ನು ಗಳಿಗೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡುತ್ತಿರಬೇಕು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಕುದಿಸಿದರೆ ಕ್ರಿಮಿ ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಅಲ್ಲಿ ಶುದ್ಧ ನೀರಿನ ಘಟಕದ ನೀರನ್ನೇ ತಂದು ಕುದಿಸಿ ಬಳಸಬೇಕು.

ಭೇದಿಯಾದರೆ ಊಟ ನಿಲ್ಲಿಸುವ ಪದ್ಧತಿ ಬಿಡಬೇಕು. ಓ.ಆರ್.ಎಸ್. ದ್ರಾವಣ, 14 ದಿನ ಸತು ಮಾತ್ರೆ, ಜೊತೆಗೆ ಮೆತ್ತನೆಯ ಊಟ ಮುಂದುವರಿಯಬೇಕು. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಟ್ಟರೆ ಇಳಿದ ತೂಕ ಮರಳುತ್ತದೆ.

ಅಂಗನವಾಡಿ ಮತ್ತು ಗುಳೆ

ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಆಹಾರ ಪೊಟ್ಟಣ ಸಿಗುತ್ತದೆ. ಅದು ಆ ಕೂಸಿನದು, ಮನೆಮಂದಿಗೆಲ್ಲ ಹಂಚುವಂಥದ್ದಲ್ಲ. ಆರು ತಿಂಗಳಿನಿಂದ ವಾರಕ್ಕೆರಡು ಸಲ 1 ಮಿ.ಲೀ. ಕಬ್ಬಿಣಾಂಶದ ಔಷಧ, ಒಂಬತ್ತು ತಿಂಗಳಿಗೆ ದಡಾರದ ಲಸಿಕೆಯ ಜೊತೆಗೆ ‘ಎ’ ಜೀವಸತ್ವವೂ ಉಚಿತ. ತಿಂಗಳಿಗೊಮ್ಮೆ ತೂಕ ಮಾಡಿಸಬೇಕು. ವರ್ಷ ತುಂಬುವ ಹೊತ್ತಿಗೆ ತೂಕ ಹುಟ್ಟಿದಾಗಿನ ಸುಮಾರು ಮೂರು ಪಟ್ಟಾಗಿರಬೇಕು. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಹಿಟ್ಟು ಗಂಜಿಗಳಿಂದ ಸರಿಹೋಗುವ ಕಾಲ ಮೀರಿದೆ. ಅಂಥ ಮಗುವನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕೂಸನ್ನು ಅಜ್ಜಿಯ ಬಳಿ ಬಿಟ್ಟು ಹೋಗುವವರು ಹಿಟ್ಟು ಮಾಡುವುದನ್ನೂ ವಾಟಿಯ ಅಳತೆಯನ್ನೂ ಆಕೆಗೆ ತೋರಿಸಿಕೊಟ್ಟು, ಎರಡು ದಿನ ಆಕೆಯ ಕೈಯಿಂದಲೇ ಉಣಿಸಿ ನೋಡಬೇಕು. ಕೂಸನ್ನು ಜೊತೆಗೆ ಒಯ್ಯುವವರು ಹದಿನೈದು ದಿನದ ಹುರಿದ ಹಿಟ್ಟು, ಮುಚ್ಚಳದ ಡಬ್ಬಿ, ವಾಟಿ ಚಮಚ, ಓ.ಆರ್.ಎಸ್. ಪೊಟ್ಟಣ, ತಾಯಿ ಕಾರ್ಡು ಇಷ್ಟನ್ನು ಗಂಟಿನಲ್ಲಿ ಕಟ್ಟಿಕೊಳ್ಳಬೇಕು. ಬೆಳಿಗ್ಗೆ ಮಾಡಿದ ಗಂಜಿಯನ್ನು ಕಬ್ಬಿನ ಗದ್ದೆಗೆ ಒಯ್ದು ಮಧ್ಯಾಹ್ನ ಉಣಿಸುವುದಕ್ಕಿಂತ ಹಿಟ್ಟನ್ನೇ ಒಯ್ದು ಮೂರು ಕಲ್ಲಿನ ಒಲೆಯಲ್ಲಿ ಆಗಲೇ ಬೇಯಿಸುವುದು ಸುರಕ್ಷಿತ. ಅದಕ್ಕೆ ಹಿಡಿಯುವ ಹೊತ್ತು ಹತ್ತು ನಿಮಿಷ. ಊರು ಬಿಡುವ ಮುನ್ನ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿದರೆ ಕೂಸಿನ ಹೆಸರನ್ನು ಹೋಗುವ ಊರಿನ ಅಂಗನವಾಡಿಗೆ ಬದಲಾಯಿಸಲು ಬರುತ್ತದೆ. ಹಿಟ್ಟು ತಯಾರಿಸುವ ಪ್ರಾತ್ಯಕ್ಷಿಕೆ ಬೇಕಾದ ಸ್ತ್ರೀಶಕ್ತಿ ಸಂಘದವರು ಇಂಡಿ ಅಥವಾ ವಿಜಯಪುರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.